ರೈಡರ್-ವೇಟ್-ಸ್ಮಿತ್ ಟ್ಯಾರೋ: ಆ 56 ಸಣ್ಣ ಎಲೆಗಳ ಬಗ್ಗೆ ಮಾತಾಡೋಣ

ಗೆರೆಬಣ್ಣ

ಟ್ಯಾರೋ ಅಂದರೆ ಭವಿಷ್ಯ ಹೇಳಲು ಬಳಸುವ 78 ಚಿತ್ರದೆಲೆಗಳ (ಕಾರ್ಡುಗಳ) ಕಟ್ಟು, ಅಂದರೆ ಡೆಕ್. ಟ್ಯಾರೋ ಅಂದ ಕೂಡಲೇ ಕಣ್ಮುಂದೆ ಬರುವ ಚಿತ್ರಗಳನ್ನು ನೆನೆಸಿಕೊಳ್ಳಿ. ಬಂಡೆಯ ತುದಿಯಲ್ಲಿ ಮುಖ ಮೇಲೆತ್ತಿ ನಡೆಯುವ ಹುಡುಗ, ಅವನ ಕಾಲ ಬಳಿ ಬಿಳಿ ನಾಯಿ. ಬಿಳಿ ಕುದುರೆ ಏರಿ ಬರುವ ಅಸ್ಥಿಪಂಜರ. ಮೂರು ಕತ್ತಿ ನಾಟಿದ ಕೆಂಪು ಹೃದಯ. ಟೀ ಶರ್ಟಿನ ಮೇಲೆ, ಮೊಬೈಲ್ ಆಪ್‌ನಲ್ಲಿ, ಸಿನಿಮಾದಲ್ಲಿ ಹೆಚ್ಚಾಗಿ ಕಾಣುವುದು ಇವೇ. ಇವೆಲ್ಲ ಒಂದೇ ಡೆಕ್ಕಿನ ಎಲೆಗಳು.

1909ರ ಡಿಸೆಂಬರಿನಲ್ಲಿ ಲಂಡನ್ನಿನ ವಿಲಿಯಂ ರೈಡರ್ ಅಂಡ್ ಸನ್ ಪ್ರಕಾಶಕರು ಈ ಡೆಕ್ ಹೊರತಂದರು. ಪ್ರಕಾಶಕರಿಂದ ರೈಡರ್, ಯೋಜನೆ ಹಾಕಿದ ಆರ್ಥರ್ ಎಡ್ವರ್ಡ್ ವೇಟ್ ಅವರಿಂದ ವೇಟ್. ಹಾಗಾಗಿ ದಶಕಗಟ್ಟಲೆ ಇದು ರೈಡರ್-ವೇಟ್ ಎಂದೇ ಕರೆಸಿಕೊಂಡಿತು. 78 ಎಲೆಗಳ ಚಿತ್ರವನ್ನೂ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಅವರ ಹೆಸರು ಆ ಹೆಸರಿನೊಳಗೆ ಸೇರಲೇ ಇಲ್ಲ. ಇತ್ತೀಚೆಗೆ ಬಹಳ ಜನ ಹಟ ಹಿಡಿದು ರೈಡರ್-ವೇಟ್-ಸ್ಮಿತ್ ಅಥವಾ ವೇಟ್-ಸ್ಮಿತ್ ಅಂತ ಬರೆಯುತ್ತಿದ್ದಾರೆ. ನಾನೂ ಹಾಗೇ ಬರೆಯುತ್ತೇನೆ. ಯಾಕೆ ಅನ್ನುವುದನ್ನು ಹೇಳಲೆಂದೇ ಈ ಚರ್ಚೆ ಶುರು ಮಾಡಿದ್ದು.

ಪಮೇಲಾ ಹುಟ್ಟಿದ್ದು 1878ರಲ್ಲಿ, ಲಂಡನ್ನಿನಲ್ಲಿ. ತಂದೆ ತಾಯಿ ಅಮೆರಿಕದವರು. ಬಾಲ್ಯ ಮ್ಯಾಂಚೆಸ್ಟರಿನಲ್ಲೂ ಜಮೈಕಾದ ಕಿಂಗ್‌ಸ್ಟನ್ನಿನಲ್ಲೂ ಕಳೆಯಿತು. 1893ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರ್ಯಾಟ್ ಇನ್‌ಸ್ಟಿಟ್ಯೂಟ್ ಸೇರಿದರು, ಪದವಿ ಮುಗಿಸದೆ 1897ರಲ್ಲಿ ಬಿಟ್ಟರು. ಜಮೈಕಾದಲ್ಲಿ ಕೇಳಿದ ಅನಾನ್ಸಿ ಎಂಬ ಜೇಡಣ್ಣನ ಜಾನಪದ ಕಥೆಗಳನ್ನು 1899ರಲ್ಲಿ ಪುಸ್ತಕ ಮಾಡಿದರು. ಅದೇ ವರ್ಷ ತಂದೆ ತೀರಿಕೊಂಡರು. ತಾಯಿ ಮೊದಲೇ ಹೋಗಿದ್ದರು. 21ನೇ ವಯಸ್ಸಿಗೇ ಇಬ್ಬರೂ ಇಲ್ಲ.

ಅವರಿಗೆ ಆಸರೆಯಾಗಿದ್ದು ನಾಟಕದವರು. ಲಂಡನ್ನಿನ ಲೈಸಿಯಂ ಥಿಯೇಟರಿನ ಹೆನ್ರಿ ಇರ್ವಿಂಗ್, ಎಲೆನ್ ಟೆರ್ರಿ ಅವರ ತಂಡದ ಜೊತೆ ಊರೂರು ತಿರುಗಿದರು. ಆ ತಂಡದ ಮ್ಯಾನೇಜರ್ ಬ್ರಾಮ್ ಸ್ಟೋಕರ್, ಡ್ರಾಕುಲಾ ಬರೆದವರು. ಪಮೇಲಾಗೆ ಪಿಕ್ಸಿ ಅಂತ ಅಡ್ಡಹೆಸರು ಇಟ್ಟಿದ್ದು ಎಲೆನ್ ಟೆರ್ರಿ. ವೇಷಭೂಷಣ, ರಂಗಸಜ್ಜಿಕೆ, ಚಿಕ್ಕ ಚಿಕ್ಕ ಬೊಂಬೆ ಇಟ್ಟುಕೊಂಡು ಜಮೈಕಾದ ಭಾಷೆಯಲ್ಲೇ ಕಥೆ ಹೇಳುವುದು, ಎಲ್ಲವನ್ನೂ ಮಾಡಿದರು. ಈ ನಾಟಕದ ನಂಟನ್ನು ನೆನಪಿಡಿ, ಎಲೆಗಳನ್ನು ನೋಡುವಾಗ ಬೇಕಾಗುತ್ತದೆ.

1901ರ ಹೊತ್ತಿಗೆ ಕವಿ ಯೇಟ್ಸ್ ಮೂಲಕ ಗೋಲ್ಡನ್ ಡಾನ್ ಎಂಬ ಗುಪ್ತ ಸಂಘ ಸೇರಿದರು. ವೇಟ್ ಪರಿಚಯ ಆಗಿದ್ದು ಅಲ್ಲೇ. 1907ರ ಜನವರಿಯಲ್ಲಿ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ನ್ಯೂಯಾರ್ಕಿನ ತಮ್ಮ ಗ್ಯಾಲರಿಯಲ್ಲಿ ಪಮೇಲಾ ಚಿತ್ರಗಳ ಪ್ರದರ್ಶನ ಇಟ್ಟರು. ಅಲ್ಲಿಯವರೆಗೆ ಆ ಗ್ಯಾಲರಿಯಲ್ಲಿ ಬರೀ ಫೋಟೋಗಳಿಗೆ ಜಾಗ. ಫೋಟೋ ಅಲ್ಲದ ಕೆಲಸ ಅಲ್ಲಿಗೆ ಬಂದಿದ್ದು ಇವರಿಂದ. ಅಂದರೆ ವೇಟ್ ಕೆಲಸ ಕೊಟ್ಟಿದ್ದು ಯಾರೋ ಗುರುತಿಲ್ಲದ ಹುಡುಗಿಗೆ ಅಲ್ಲ.

ಆದರೂ ದುಡ್ಡು ಕೈಗೆ ಬರಲಿಲ್ಲ. 1909ರ ನವೆಂಬರಿನಲ್ಲಿ ಸ್ಟೀಗ್ಲಿಟ್ಸ್‌ಗೆ ಬರೆದ ಕಾಗದದಲ್ಲಿ ಅವರೇ ಹೇಳುತ್ತಾರೆ: ದೊಡ್ಡ ಕೆಲಸವೊಂದನ್ನು ತೀರಾ ಕಡಿಮೆ ಕಾಸಿಗೆ ಮುಗಿಸಿದೆ, ಇಸ್ಪೀಟಿನ ತರಹದ ಡೆಕ್ಕಿಗೆ 80 ಚಿತ್ರ (ಎಲೆಗಳು 78, ಕಾಗದದಲ್ಲಿ 80 ಅಂತಲೇ ಇದೆ). ಬಣ್ಣದಲ್ಲಿ ಲಿಥೋ (ಕಲ್ಲಚ್ಚು) ಮುದ್ರಣ ಆಗುತ್ತದೆ, ಬಹುಶಃ ಕೆಟ್ಟದಾಗಿಯೇ ಆಗಬಹುದು ಅಂತಲೂ ಬರೆದಿದ್ದಾರೆ. ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಕೋಟಿಗಟ್ಟಲೆ ಜನರ ಕೈ ಸೇರಿದ ಚಿತ್ರಗಳು ಅವು.

ನನ್ನ ಮಾತು ಇಷ್ಟೇ. ಡೆಕ್ಕಿನ 22 ದೊಡ್ಡ ಎಲೆಗಳಿಗೆ (ಮುಖ್ಯ ಎಲೆಗಳು, ಗಾತ್ರ ಎಲ್ಲಕ್ಕೂ ಒಂದೇ) ವೇಟ್ ಸಾಕಷ್ಟು ಸೂಚನೆ ಕೊಟ್ಟಿದ್ದರು. ಸನ್ಯಾಸಿನಿ (ಹೈ ಪ್ರೀಸ್ಟೆಸ್), ಮೂರ್ಖ, ನೇತುಬಿದ್ದವನು, ಈ ಮೂರು ಎಲೆಗಳ ವಿಷಯದಲ್ಲಿ ಚಿತ್ರಗಾರ್ತಿಗೆ ತುತ್ತು ಮಾಡಿ ಉಣಿಸಬೇಕಾಯಿತು ಅನ್ನುವ ಅರ್ಥದಲ್ಲಿ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಉಳಿದ 56 ಸಣ್ಣ ಎಲೆಗಳ ಬಗ್ಗೆ ಅಂಥ ಮಾತು ಇಲ್ಲ. ಅಲ್ಲಿ ಪಮೇಲಾ ಕೈ ಬಿಡುಬೀಸಾಗಿ ಓಡಿದೆ. ಈ ಡೆಕ್ ಗೆದ್ದಿದ್ದು ಆ 56 ಎಲೆಗಳಿಂದಲೇ. ಅದಕ್ಕೆ ಮೊದಲು ಚಾಲ್ತಿಯಲ್ಲಿದ್ದ ಮಾರ್ಸೇ ಎಂಬ ಹಳೆಯ ಫ್ರೆಂಚ್ ಡೆಕ್ಕಿನಲ್ಲಿ ಬಟ್ಟಲು ಐದು (ಬಟ್ಟಲಿನ ಗುಂಪಿನ ಐದನೇ ಎಲೆ) ಅಂದರೆ ಐದು ಬಟ್ಟಲು, ಸುತ್ತ ಒಂದಿಷ್ಟು ಬಳ್ಳಿ ಹೂವು. ಕಥೆ ಇಲ್ಲ, ಮನುಷ್ಯರಿಲ್ಲ. ಪಮೇಲಾ ಬರೆದ ಬಟ್ಟಲು ಐದರಲ್ಲಿ ಕಪ್ಪು ಬಟ್ಟೆ ಹೊದ್ದ ಒಬ್ಬ ವ್ಯಕ್ತಿ ಉರುಳಿಬಿದ್ದ ಮೂರು ಬಟ್ಟಲು ನೋಡುತ್ತಾ ನಿಂತಿದೆ. ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ, ಅತ್ತ ತಿರುಗಿಯೇ ಇಲ್ಲ. ಪುಸ್ತಕ ತೆರೆಯದೆ ಯಾರಿಗಾದರೂ ಅರ್ಥ ಆಗುತ್ತದೆ, ಅಲ್ವಾ?

ನಿಮಗೆ ಗೊತ್ತಿರುವುದನ್ನು ಸೇರಿಸಿ.

ತುಂಗಾತೀರ

ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ. ನಾನು ಆನ್‌ಲೈನ್ ತರಗತಿಯಲ್ಲಿ ಟ್ಯಾರೋ ಕಲಿಯುತ್ತಿದ್ದೇನೆ. ಇದು ಪುರಾತನ ಈಜಿಪ್ಟಿನ ಪೂಜಾರಿಗಳ ವಿದ್ಯೆ, ಸಾವಿರಾರು ವರ್ಷ ಹಳೆಯದು ಅಂತ ಅಲ್ಲಿ ಹೇಳಿಕೊಟ್ಟರು. ನೀವು ನೋಡಿದರೆ 1909 ಅನ್ನುತ್ತಿದ್ದೀರಿ. ಚಿತ್ರ ಮಾತ್ರ ಹೊಸದಾ, ಪದ್ಧತಿ ಹಳೆಯದಾ?

ಹಳೇಪುಸ್ತಕ

ತುಂಗಾತೀರ ಅವರೇ, ಪುರಾತನ ಈಜಿಪ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಆ ಮಾತು ಹುಟ್ಟಿದ ವರ್ಷವೂ ಗೊತ್ತು, ಆಡಿದವರೂ ಗೊತ್ತು. 1781ರಲ್ಲಿ ಅಂತ್ವಾನ್ ಕೂರ್ ದ ಜೆಬ್ಲೆನ್ ಎಂಬ ಫ್ರೆಂಚ್ ಪಾದ್ರಿ ತಮ್ಮ ದೊಡ್ಡ ಗ್ರಂಥದ ಎಂಟನೇ ಸಂಪುಟದಲ್ಲಿ, ಈ ಇಸ್ಪೀಟೆಲೆಗಳು ಈಜಿಪ್ಟಿನ ಪೂಜಾರಿಗಳ ಜ್ಞಾನವನ್ನು ಬಚ್ಚಿಟ್ಟುಕೊಂಡ ಪುಸ್ತಕ ಅಂತ ಬರೆದರು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರು ಯುರೋಪಿನಲ್ಲಿ ಒಬ್ಬರೂ ಇರಲಿಲ್ಲ. ಫ್ರೆಂಚ್ ವಿದ್ವಾಂಸ ಶಾಂಪೊಲಿಯನ್ ಅದನ್ನು ಬಿಡಿಸಿದ್ದು 1822ರಲ್ಲಿ. ಓದಲು ಬಂದ ಮೇಲೆ ಟ್ಯಾರೋ ಸುಳಿವು ಎಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಕಥೆ ಊರೆಲ್ಲ ಹಬ್ಬಿತ್ತು.

ಟ್ಯಾರೋ ಹುಟ್ಟಿದ್ದು ಉತ್ತರ ಇಟಲಿಯಲ್ಲಿ, 1440ರ ಆಸುಪಾಸು. ಹುಟ್ಟಿದ್ದು ಆಟಕ್ಕೆ. 1442ರ ಫೆರಾರಾ ಅರಮನೆಯ ಲೆಕ್ಕಪತ್ರದಲ್ಲಿ ಈ ಎಲೆಗಳ ಖರ್ಚು ದಾಖಲಾಗಿದೆ. ಮಿಲಾನಿನ ವಿಸ್ಕೊಂಟಿ, ಸ್ಫೋರ್ಜಾ ಮನೆತನದವರು ಚಿನ್ನದ ರೇಕು ಹಚ್ಚಿಸಿ ಕೈಯಲ್ಲೇ ಬರೆಸಿದ ಡೆಕ್ಕುಗಳು ಇವತ್ತಿಗೂ ಉಳಿದಿವೆ. ಒಂದು ಡೆಕ್ಕಿನ 74 ಎಲೆ ಸಿಕ್ಕಿವೆ. ಅವು ನ್ಯೂಯಾರ್ಕಿನ ಮೋರ್ಗನ್ ಲೈಬ್ರರಿ, ಇಟಲಿಯ ಬೆರ್ಗಾಮೊ ಎಲ್ಲ ಕಡೆ ಹಂಚಿಹೋಗಿವೆ. ಕಳೆದುಹೋದ ನಾಲ್ಕರಲ್ಲಿ ಕತ್ತಿ ಮೂರು ಕೂಡ ಒಂದು.

ಆಟದ ಕ್ರಮ ನಮಗೆ ಅಪರಿಚಿತ ಅಲ್ಲ. 28 ಎಂಬ ಇಸ್ಪೀಟಾಟ ಆಡುವವರಿಗೆ ತುರುಪು ಗೊತ್ತು, ಬೇರೆ ಗುಂಪಿನ ಎಲೆಗಳನ್ನೆಲ್ಲ ಹೊಡೆಯುವ ಗುಂಪು. ನಾವು ಇರುವ ನಾಲ್ಕರಲ್ಲೇ ಒಂದನ್ನು ತುರುಪು ಮಾಡುತ್ತೇವೆ. ಇಟಲಿಯವರು ಅದಕ್ಕಂತಲೇ ಬೇರೆ ಎಲೆಗಳನ್ನು ಮಾಡಿಸಿದರು, ಚಿತ್ರ ಇರುವ 21 ಕಾಯಂ ತುರುಪು. ಜೊತೆಗೆ ಮೂರ್ಖನ ಎಲೆ ಒಂದು. ಟ್ಯಾರೋ ಓದುವವರು ದೊಡ್ಡ ಎಲೆಗಳು ಅನ್ನುವ 22 ಇವೇ. ಬಾಕಿ 56ರಲ್ಲಿ ಬಟ್ಟಲು, ಕತ್ತಿ, ಕೋಲು, ನಾಣ್ಯ ಅಂತ ನಾಲ್ಕು ಗುಂಪು, ಗುಂಪಿಗೆ 14. ಎಕ್ಕದಿಂದ ಹತ್ತರವರೆಗೆ ಹತ್ತು. ಮೇಲೆ ಗುಲಾಮ, ಕುದುರೆ ಸವಾರ, ರಾಣಿ, ರಾಜ. ಆಸ್ಟ್ರಿಯಾ, ಫ್ರಾನ್ಸ್ ಕಡೆ ಇವತ್ತಿಗೂ ಟೇಬಲ್ಲಿಗೆ ಕೂತು ಟ್ಯಾರೋ ಆಡುತ್ತಾರೆ. ಭವಿಷ್ಯದ ಮಾತೇ ಇಲ್ಲ, ಪಾಯಿಂಟ್ ಲೆಕ್ಕ ಅಷ್ಟೇ.

ಭವಿಷ್ಯ ಹೇಳಲೆಂದೇ ಡೆಕ್ ಮಾಡಿದ ಮೊದಲಿಗರು ಪ್ಯಾರಿಸ್ಸಿನ ಎಟೆಯಾ, 1789ರ ಸುಮಾರಿಗೆ. 1850ರ ದಶಕದಲ್ಲಿ ಗೂಢವಿದ್ಯೆಯ ಫ್ರೆಂಚ್ ಬರಹಗಾರ ಎಲಿಫಾಸ್ ಲೇವಿ 22 ಎಲೆಗಳಿಗೂ ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೂ ತಾಳೆ ಹಾಕಿದರು. ಆ ದಾರಿಯಲ್ಲೇ ಮುಂದೆ ಹೋದದ್ದು ಲಂಡನ್ನಿನ ಗೋಲ್ಡನ್ ಡಾನ್, 1888ರಲ್ಲಿ ಶುರುವಾದ ಸಂಘ. ವೇಟ್ ಮತ್ತು ಪಮೇಲಾ ನಿಂತಿದ್ದು ಈ ಸಾಲಿನ ಕೊನೆಯಲ್ಲಿ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಎಲೆಗಳು ಸುಮಾರು 580 ವರ್ಷ ಹಳೆಯವು, ಭವಿಷ್ಯ ಹೇಳುವ ಪದ್ಧತಿ ಬೇರೂರಿದ್ದು 18ನೇ ಶತಮಾನದಲ್ಲಿ, ನೀವು ಕಲಿಯುತ್ತಿರುವ ಚಿತ್ರಗಳು 1909ರವು.

ತುಂಗಾತೀರ

ಧನ್ಯವಾದ ಸರ್. ತುರುಪಿನ ವಿಷಯ ಇಷ್ಟು ಸಲೀಸಾಗಿ ತಲೆಗೆ ಹೋಗುತ್ತೆ ಅಂದುಕೊಂಡಿರಲಿಲ್ಲ. ಮನೆಯಲ್ಲಿ ಅಪ್ಪ, ದೊಡ್ಡಪ್ಪ ಎಲ್ಲ ಕೂತು 28 ಆಡುತ್ತಾರೆ. ಅವರಿಗೂ ತೋರಿಸುತ್ತೇನೆ.

ನೀಲಿಶಾಯಿ

ನಾನು ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ ಮಾಡುತ್ತೇನೆ. ಗೆರೆಬಣ್ಣ ಅವರು ನಾಟಕದ ನಂಟು ನೆನಪಿಡಿ ಅಂದರಲ್ಲ, ಅಲ್ಲಿಂದ ಮುಂದುವರಿಸುತ್ತೇನೆ.

ನಾಣ್ಯ ಎರಡನ್ನು ಕೈಗೆ ತೆಗೆದುಕೊಳ್ಳಿ. ಉದ್ದ ಕೆಂಪು ಟೋಪಿಯ ಯುವಕ ಒಂದು ಕಾಲೆತ್ತಿ ಕುಣಿಯುತ್ತಾ ಎರಡು ನಾಣ್ಯ ಆಡಿಸುತ್ತಿದ್ದಾನೆ. ಎರಡಕ್ಕೂ ಸುತ್ತಿಕೊಂಡ ಹಸಿರು ಪಟ್ಟಿ ಇಂಗ್ಲಿಷಿನ ಎಂಟನ್ನು ಮಲಗಿಸಿದ ಹಾಗಿದೆ. ಈಗ ಅವನ ಪಾದದ ಹಿಂದೆ ನೋಡಿ. ಸಪಾಟು ನೆಲ, ನೆಲ ಮುಗಿಯುವಲ್ಲಿ ಅಡ್ಡಗೆರೆ, ಗೆರೆಯ ಆಚೆ ಅಲೆಗಳ ಮೇಲೆ ಏರಿಳಿಯುವ ಎರಡು ಹಡಗು. ನೆಲಕ್ಕೂ ಸಮುದ್ರಕ್ಕೂ ನಡುವೆ ದಡವೇ ಇಲ್ಲ. ನಮ್ಮ ಕಂಪನಿ ನಾಟಕಗಳಲ್ಲಿ ಹಿಂದೆ ಸಮುದ್ರದ ಪರದೆ ಇಳಿಬಿಟ್ಟು ಮುಂದೆ ಪಾತ್ರಧಾರಿ ನಿಂತ ಹಾಗೇ ಇದೆ ಇದು. ಟ್ಯಾರೋ ಮೇಲೆ ಕೆಲಸ ಮಾಡಿದವರು ಇಂಥವನ್ನು ರಂಗದ ಎಲೆಗಳು ಅಂತಲೇ ಗುರುತಿಸುತ್ತಾರೆ. ಒಂದು ಸಲ ಕಂಡರೆ ಆಮೇಲೆ ಬೇರೆ ಎಲೆಗಳಲ್ಲೂ ಆ ಅಡ್ಡಗೆರೆಯನ್ನೇ ಹುಡುಕುತ್ತೀರಿ.

ರಂಗದಿಂದ ಅವರು ಇನ್ನೊಂದನ್ನೂ ತಂದಿದ್ದಾರೆ, ಮೈಯ ನಿಲುವು. ಈ ಡೆಕ್ಕಿನಲ್ಲಿ ಮುಖಗಳ ಮೇಲೆ ಹೆಚ್ಚು ಗೆರೆ ಇಲ್ಲ. ಕಣ್ಣು ಮೂಗು ಒಂದೆರಡು ಗೀಟಿನಲ್ಲಿ ಮುಗಿದಿವೆ. ದುಃಖ, ಭಯ, ಹಟ ಎಲ್ಲ ಬೆನ್ನಿನಲ್ಲಿ, ಕತ್ತಿನಲ್ಲಿ, ಕೈಯಲ್ಲಿ. ಕತ್ತಿ ಒಂಬತ್ತರಲ್ಲಿ ನಡುರಾತ್ರಿ ಎದ್ದು ಕೂತು ಮುಖ ಮುಚ್ಚಿಕೊಂಡವರ ಮುಖ ನಮಗೆ ಕಾಣುವುದೇ ಇಲ್ಲ. ಹಿಂದೆ ಪೂರ್ತಿ ಕಪ್ಪು, ಅದರ ಮೇಲೆ ಒಂಬತ್ತು ಕತ್ತಿ ಅಡ್ಡಡ್ಡ. ಕೆಳಗೆ ಹೊದಿಕೆಯಲ್ಲಿ ಒಂದು ಚೌಕ ಬಿಟ್ಟು ಒಂದು ಚೌಕ ಗುಲಾಬಿ, ನಡುವಿನ ಚೌಕಗಳಲ್ಲಿ ರಾಶಿಗಳ ಮತ್ತು ಗ್ರಹಗಳ ಚಿಹ್ನೆ. ಮಂಚದ ಹಲಗೆಯಲ್ಲಿ ಒಬ್ಬ ಇನ್ನೊಬ್ಬನನ್ನು ಕತ್ತಿಯಿಂದ ಬೀಳಿಸುವ ಕೆತ್ತನೆ. ಎಲೆ ಎಷ್ಟು ದೊಡ್ಡದು? ಅಗಲ ಸುಮಾರು 7 ಸೆಂಟಿಮೀಟರ್, ಎತ್ತರ 12. ಅಷ್ಟರೊಳಗೆ ಇಷ್ಟನ್ನು ತುಂಬಿಯೂ ಗಜಿಬಿಜಿ ಆಗಿಲ್ಲ. ಇದನ್ನು ಕೈಯಾರೆ ಮಾಡಿ ನೋಡಿದವರಿಗೆ ಗೊತ್ತು, ಎಷ್ಟು ಕಷ್ಟ ಅಂತ.

ಗೆರೆಯ ಬಗ್ಗೆಯೂ ಹೇಳಬೇಕು. ದಪ್ಪ ಕಪ್ಪು ಗೆರೆ ಹಾಕಿ, ನಡುವೆ ಒಂದೇ ಮಟ್ಟದ ಬಣ್ಣ ತುಂಬುವುದು ಜಪಾನಿನ ಮರದಚ್ಚಿನ ಚಿತ್ರಗಳ ರೀತಿ. ಪ್ರ್ಯಾಟ್‌ನಲ್ಲಿ ಪಾಠ ಮಾಡುತ್ತಿದ್ದ ಆರ್ಥರ್ ವೆಸ್ಲಿ ಡೋ ಆ ಚಿತ್ರಗಳ ದೊಡ್ಡ ಅಭಿಮಾನಿ. ನೆರಳಿನ ಹಂಗಿಲ್ಲದೆ ಗೆರೆಯೇ ಚಿತ್ರವನ್ನು ಹೊರಬೇಕು ಅನ್ನುವುದು ಅಲ್ಲಿನ ಕಲಿಕೆ. ಪಮೇಲಾ ಹೆದರಿದ ಹಾಗೆ ಬಣ್ಣದ ಮುದ್ರಣ ಹೆಚ್ಚುಕಮ್ಮಿ ಆದರೂ ಚಿತ್ರ ಕೆಡದೇ ಉಳಿದಿದ್ದು ಈ ಗೆರೆಯಿಂದ. ಕಪ್ಪು ಬಿಳುಪಿನಲ್ಲಿ ಅಚ್ಚು ಹಾಕಿ ನೋಡಿ, ಒಂದೂ ಸೋಲುವುದಿಲ್ಲ.

ನನ್ನ ಮೆಚ್ಚಿನ ಎಲೆ ನಾಣ್ಯ ಒಂಬತ್ತು. ದ್ರಾಕ್ಷಿ ತೋಟದಲ್ಲಿ ಹೂವಿನ ನಿಲುವಂಗಿ ತೊಟ್ಟ ಹೆಂಗಸು, ಕೈ ಮೇಲೆ ಕಣ್ಣಿಗೆ ಟೋಪಿ ಹಾಕಿದ ಡೇಗೆ ಹಕ್ಕಿ. ಎಲ್ಲರೂ ಅಷ್ಟೇ ನೋಡಿ ಮುಂದೆ ಹೋಗುತ್ತಾರೆ. ಕೆಳಗೆ ನೆಲದ ಮೇಲೆ ಒಂದು ಪುಟ್ಟ ಬಸವನಹುಳು ಇದೆ, ಹುಡುಕಿ.

ಗೆರೆಬಣ್ಣ

ನೀಲಿಶಾಯಿ ಅವರೇ, ಇಂಥ ಬರಹ ಬರಲಿ ಅಂತಲೇ ಕಾಯುತ್ತಿದ್ದೆ. ಸಹಿಯನ್ನೂ ಸೇರಿಸಿಬಿಡಿ. ಪಿ, ಸಿ, ಎಸ್ ಮೂರು ಅಕ್ಷರ ಹೆಣೆದು ಹಾವು ಸುತ್ತಿಕೊಂಡ ಹಾಗೆ ಮಾಡಿಕೊಂಡ ಗುರುತು ಎಲೆಯ ಕೆಳಮೂಲೆಯಲ್ಲಿ ಸಿಗುತ್ತದೆ. ಪೆಟ್ಟಿಗೆಯ ಹೆಸರಿನಲ್ಲಿ ಜಾಗ ಸಿಗದಿದ್ದರೂ ಎಲೆಗಳ ಮೇಲೆ ತಮ್ಮ ಗುರುತು ಬಿಟ್ಟು ಹೋಗಿದ್ದಾರೆ.

ಕೋಟೆಬೀದಿ

ಎಲ್ಲ ಸರಿ. ಆದರೆ ಸಣ್ಣ ಎಲೆಗಳಿಗೆ ಚಿತ್ರ ಹಾಕಿದ್ದು ಪಮೇಲಾ ಮೊದಲಲ್ಲ. ಸೋಲಾ ಬುಸ್ಕಾ ಅಂತ 15ನೇ ಶತಮಾನದ ಇಟಲಿಯ ಡೆಕ್ ಇದೆ. ಅದರ 78 ಎಲೆಗಳಲ್ಲೂ ಚಿತ್ರ ಇದೆ. ಮೂರು ಕತ್ತಿ ಚುಚ್ಚಿದ ಹೃದಯ ಅಲ್ಲಿಂದಲೇ ಎತ್ತಿದ್ದು. ಹಾಗಿರುವಾಗ ಎಲ್ಲ ಶ್ರೇಯಸ್ಸನ್ನೂ ಇವರಿಗೇ ಕೊಡುವುದು ಹೇಗೆ?

ಗೆರೆಬಣ್ಣ

ಒಳ್ಳೆಯ ಪ್ರಶ್ನೆ ಕೋಟೆಬೀದಿ ಅವರೇ. ಸೋಲಾ ಬುಸ್ಕಾ ವಿಷಯ ನಿಜ. ಆ ಡೆಕ್ 1491ರ ಸುಮಾರಿನದು. ಅದರ ಕಪ್ಪು ಬಿಳುಪು ಫೋಟೋಗಳು 1907ರಲ್ಲಿ ಬ್ರಿಟಿಷ್ ಮ್ಯೂಸಿಯಂಗೆ ಬಂದವು. ಪಮೇಲಾ ಲಂಡನ್ನಿನಲ್ಲೇ ಇದ್ದರು, ಎರಡು ವರ್ಷಕ್ಕೆ ಈ ಕೆಲಸ ಹಿಡಿದರು. ಕತ್ತಿ ಮೂರನ್ನು ಎರಡೂ ಡೆಕ್ಕುಗಳಲ್ಲಿ ಅಕ್ಕಪಕ್ಕ ಇಟ್ಟರೆ ನೋಡಿಯೇ ಬರೆದಿದ್ದಾರೆ ಅನ್ನುವುದರಲ್ಲಿ ನನಗೆ ಅನುಮಾನ ಉಳಿಯುವುದಿಲ್ಲ.

ಆದರೆ ನೋಡಿ ಏನು ಮಾಡಿದರು ಅನ್ನುವುದನ್ನೂ ನೋಡಬೇಕು. ಪಮೇಲಾ ಹೃದಯ, ಕತ್ತಿ ಬಿಟ್ಟು ಅಲ್ಲಿನ ಬೇರೇನನ್ನೂ ಇಟ್ಟುಕೊಳ್ಳಲಿಲ್ಲ. ಹಿಂದೆ ಬೂದು ಮೋಡ, ಓರೆಯಾಗಿ ಸುರಿಯುವ ಮಳೆಯ ಗೀಟುಗಳು, ನಡುವೆ ಕೆಂಪು. ಡೆಕ್ಕಿನಲ್ಲೇ ಅತಿ ಕಡಿಮೆ ಸಾಮಾನಿರುವ ಎಲೆಗಳಲ್ಲಿ ಅದೂ ಒಂದು. ಇನ್ನೊಂದು ಉದಾಹರಣೆ ಹತ್ತರದು. ಸೋಲಾ ಬುಸ್ಕಾದಲ್ಲಿ ಬಗ್ಗಿಕೊಂಡು ಹೊರೆ ಹೊತ್ತ ಮನುಷ್ಯ ಇರುವುದು ಕತ್ತಿ ಹತ್ತರಲ್ಲಿ. ಪಮೇಲಾ ಆ ಭಂಗಿಯನ್ನು ಕೋಲು ಹತ್ತಕ್ಕೆ ತಂದರು. ಹತ್ತು ಕೋಲನ್ನು ತಬ್ಬಿ ಹಿಡಿದವನಿಗೆ ಮುಂದಿರುವ ಊರು ಕಾಣುತ್ತಿಲ್ಲ, ಹೊರೆಯೇ ಕಣ್ಣಿಗೆ ಅಡ್ಡ ಬಂದಿದೆ. ಕತ್ತಿ ಹತ್ತಕ್ಕೆ ಬೇರೆಯದನ್ನೇ ಬರೆದರು: ನೆಲಕ್ಕೆ ಬಿದ್ದವನ ಬೆನ್ನ ಮೇಲೆ ಸಾಲಾಗಿ ಹತ್ತು ಕತ್ತಿ, ಮೇಲೆ ಕಪ್ಪು ಆಕಾಶ, ದೂರದಲ್ಲಿ ಹಳದಿ ಬೆಳಕು. ಅಂದರೆ ಎಲ್ಲಿಂದ ಏನು ತಗೊಳ್ಳಬೇಕು, ಎಲ್ಲಿ ಇಡಬೇಕು ಅಂತ ಯೋಚಿಸಿ ಮಾಡಿದ ಕೆಲಸ. ಸೋಲಾ ಬುಸ್ಕಾದ ಜೊತೆ ಹೀಗೆ ಹೋಲಿಕೆ ಸಿಗುವ ಎಲೆಗಳು ಬೆರಳೆಣಿಕೆಯಷ್ಟು. ಉಳಿದವು ಅವರದೇ.

ಸೋಲಾ ಬುಸ್ಕಾದ ಮೂಲ ಎಲೆಗಳನ್ನು 2009ರಲ್ಲಿ ಇಟಲಿ ಸರ್ಕಾರ ಕೊಂಡುಕೊಂಡಿತು. ಈಗ ಮಿಲಾನಿನ ಬ್ರೆರಾ ಗ್ಯಾಲರಿಯಲ್ಲಿವೆ. ಪಮೇಲಾ ಬರೆದ ಮೂಲ ಚಿತ್ರಗಳು ಮಾತ್ರ ಇಲ್ಲಿಯವರೆಗೆ ಸಿಕ್ಕಿಲ್ಲ. 500 ವರ್ಷ ಹಳೆಯವು ಉಳಿದವು, ನೂರು ವರ್ಷದ್ದು ಹೋಯಿತು.

ಕೋಟೆಬೀದಿ

ಒಪ್ಪಿದೆ. ಹೊರೆ ಕಣ್ಣಿಗೆ ಅಡ್ಡ ಬಂದಿರುವುದನ್ನು ಗಮನಿಸಿರಲಿಲ್ಲ. ಹಾಗಾದರೆ ವೇಟ್ ಮಾಡಿದ್ದೇನು? ಅವರನ್ನು ಪೂರ್ತಿ ಬದಿಗೆ ಸರಿಸಬೇಡಿ.

ಹಳೇಪುಸ್ತಕ

ಸರಿಸಬಾರದು, ನಿಜ. ದೊಡ್ಡ ಎಲೆಗಳ ಸಂಕೇತಗಳ ಜೋಡಣೆ ವೇಟ್ ಅವರದು. ಸನ್ಯಾಸಿನಿಯ ಎಲೆಯನ್ನೇ ನೋಡಿ. ಬಿ ಮತ್ತು ಜೆ ಅಕ್ಷರ ಇರುವ ಎರಡು ಕಂಬ ಜೆರುಸಲೇಮಿನ ಸೊಲೊಮನ್ ದೇವಾಲಯದ ಬೋವಜ್, ಯಾಕೀನ್ ಕಂಬಗಳು. ನಡುವೆ ದಾಳಿಂಬೆ ಚಿತ್ರದ ಪರದೆ, ಮಡಿಲಲ್ಲಿ ಅರ್ಧ ಮುಚ್ಚಿದ ಟೋರಾ (ಯಹೂದಿಗಳ ಧರ್ಮಗ್ರಂಥ) ಸುರುಳಿ, ಕಾಲ ಬಳಿ ಚಂದ್ರನ ಕೊಂಬು. ಇಷ್ಟೊಂದು ಓದಿಕೊಂಡವರೇ ಹೇಳಿ ಬರೆಸಬೇಕಾದ ಚಿತ್ರ ಅದು. ಹಳೆಯ ಡೆಕ್ಕುಗಳಲ್ಲಿ ಇದೇ ಎಲೆಯಲ್ಲಿ ಹೆಣ್ಣು ಪೋಪ್ ಇದ್ದಳು.

ಅಂಕಿಯಲ್ಲೂ ಒಂದು ಬದಲಾವಣೆ ಇದೆ. ಮಾರ್ಸೇಯಲ್ಲಿ ನ್ಯಾಯ 8, ಬಲ 11. ಈ ಡೆಕ್ಕಿನಲ್ಲಿ ಬಲ 8, ನ್ಯಾಯ 11. ಹಿಂದಿನ ಕಾರಣ ಗೋಲ್ಡನ್ ಡಾನಿನ ರಾಶಿ ಲೆಕ್ಕ. ಸಿಂಹ ಹಿಡಿದ ಹೆಂಗಸಿನ ಎಲೆಗೆ ಸಿಂಹ ರಾಶಿ, ತಕ್ಕಡಿ ಹಿಡಿದ ನ್ಯಾಯಕ್ಕೆ ತುಲಾ. ಸಿಂಹ ಮೊದಲು, ತುಲಾ ಆಮೇಲೆ. ಅಂಕಿ ಅದಲುಬದಲಾದರೆ ಮಾತ್ರ ಈ ಸಾಲು ಕೂಡುತ್ತದೆ. ವೇಟ್ ಗುಟ್ಟು ಬಿಟ್ಟುಕೊಡಲಿಲ್ಲ. ನನಗೆ ಸಮಾಧಾನ ಆಗುವ ಕಾರಣ ಇದೆ, ವಿವರಿಸುವ ಅಗತ್ಯ ಇಲ್ಲ ಅನ್ನುವ ಧಾಟಿಯಲ್ಲಿ ಬರೆದು ಕೈತೊಳೆದುಕೊಂಡರು.

ಇನ್ನೊಂದು ಮಾತು. ಬೀದಿಬದಿಯ ಕಣಿ ಹೇಳುವುದರ ಬಗ್ಗೆ ವೇಟ್‌ಗೆ ಗೌರವ ಇರಲಿಲ್ಲ. ಅವರಿಗೆ ಇದು ಧ್ಯಾನದ, ಒಳಹುಡುಕಾಟದ ವಸ್ತು. ಹಾಗಾಗಿ ಭವಿಷ್ಯ ನಂಬದವರೂ ಈ ಡೆಕ್ಕನ್ನು ಧಾರಾಳವಾಗಿ ಪ್ರೀತಿಸಬಹುದು.

ಮಲ್ಲಿಗೆಮಾಲೆ

ನಾನು ಮೈಸೂರಿನವಳು. ಇಲ್ಲಿ ನಮ್ಮ ಗಂಜೀಫಾ ಬಗ್ಗೆ, ಅದೇ ಚಿತ್ರ ಬರೆದ ದುಂಡೆಲೆಗಳ ಆಟದ ಬಗ್ಗೆ, ಯಾರೂ ಹೇಳಲಿಲ್ಲವಲ್ಲ! ಎರಡಕ್ಕೂ ನಂಟು ಇದೆಯಾ?

ಹಳೇಪುಸ್ತಕ

ಇದೆ ಮೇಡಂ, ದೂರದ ನಂಟು. ಯುರೋಪಿಗೆ ಇಸ್ಪೀಟು ಹೋಗಿದ್ದು 1370ರ ದಶಕದಲ್ಲಿ, ಮುಸ್ಲಿಂ ರಾಜ್ಯಗಳ ಕಡೆಯಿಂದ. ಇಸ್ತಾಂಬುಲ್ಲಿನ ಟೋಪ್ಕಾಪಿ ಅರಮನೆಯಲ್ಲಿ ಈಜಿಪ್ಟಿನ ಮಾಮ್ಲುಕ್ ಸುಲ್ತಾನರ ಕಾಲದ ಎಲೆಗಳಿವೆ. ಅವುಗಳಲ್ಲಿ ಬಟ್ಟಲು, ಕತ್ತಿ, ನಾಣ್ಯ, ಪೋಲೋ ಕೋಲು. ಪೋಲೋ ಗೊತ್ತಿಲ್ಲದ ಯುರೋಪಿನವರ ಕೈಯಲ್ಲಿ ಅದು ಬರೀ ಕೋಲಾಯಿತು. ಪಮೇಲಾ ಬರೆದ ಚಿಗುರೊಡೆದ ಕೋಲು ಅದರದೇ ಮುಂದಿನ ರೂಪ. ಅದೇ ಟೋಪ್ಕಾಪಿ ಎಲೆಯೊಂದರ ಮೇಲೆ ಕಂಜೀಫಾ ಅನ್ನುವ ಪದ ಬರೆದಿದೆ. ಪರ್ಷಿಯಾ ಮೂಲಕ ನಮ್ಮಲ್ಲಿಗೆ ಬಂದ ಆಟದ ಹೆಸರೂ ಅದೇ. ಮೊಘಲರ ಗಂಜೀಫಾದಲ್ಲಿ 96 ದುಂಡೆಲೆ, ದಶಾವತಾರದ್ದರಲ್ಲಿ 120. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಕೆಲವು ಆಟಗಳಲ್ಲಿ 300ಕ್ಕೂ ಜಾಸ್ತಿ ಎಲೆ. ಟ್ಯಾರೋ ಕೂಡ ಅರಮನೆಯ ಆಟವಾಗಿಯೇ ಶುರುವಾಗಿದ್ದು. ಆದರೆ ನಮ್ಮ ಗಂಜೀಫಾ ಕಣಿ ಹೇಳುವ ಕಡೆಗೆ ಹೋಗಲಿಲ್ಲ.

ಮಲ್ಲಿಗೆಮಾಲೆ

ಮೈಸೂರು ಗಂಜೀಫಾಗೆ ಈಗ ಜಿಐ (ಭೌಗೋಳಿಕ ಸೂಚಕ) ಗುರುತೂ ಇದೆ. ಇದನ್ನೇ ಒಂದು ಬೇರೆ ಚರ್ಚೆ ಮಾಡೋಣ, ನಾನು ಫೋಟೋ ಹಾಕುತ್ತೇನೆ.

ತುಂಗಾತೀರ

ಒಂದು ಡೆಕ್ ಕೊಳ್ಳೋಣ ಅಂತಿದ್ದೇನೆ. ಯಾವ ಮುದ್ರಣ ತಗೊಳ್ಳಲಿ? ಆನ್‌ಲೈನ್‌ನಲ್ಲಿ ಹತ್ತಾರು ತರಹ ಇವೆ, ಬಣ್ಣ ಒಂದೊಂದರಲ್ಲಿ ಒಂದೊಂದು ರೀತಿ.

ಗೆರೆಬಣ್ಣ

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ, ಆಮೇಲೆ ನೀವೇ ಆರಿಸಿಕೊಳ್ಳುತ್ತೀರಿ. 1909ರ ಮೊದಲ ಮುದ್ರಣದ ಬೆನ್ನಿನ ಮೇಲೆ ಗುಲಾಬಿ ಮತ್ತು ಲಿಲಿ ಹೂವಿನ ವಿನ್ಯಾಸ ಇತ್ತು. ಅದು ಈಗ ಸಂಗ್ರಾಹಕರ ಕೈಗೂ ಸುಲಭಕ್ಕೆ ಸಿಗುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಲಂಡನ್ನಿನಲ್ಲಿ ಮುದ್ರಣ ನಿಂತುಹೋಯಿತು. ಮತ್ತೆ ಜೀವ ಬಂದಿದ್ದು ಅಮೆರಿಕದಲ್ಲಿ. 1971ರಲ್ಲಿ ಸ್ಟುವರ್ಟ್ ಕಪ್ಲಾನ್ ಅವರ ಯುಎಸ್ ಗೇಮ್ಸ್ ಸಿಸ್ಟಮ್ಸ್ ಇದನ್ನು ಹೊರತಂದಿತು. ಹಳದಿ ಪೆಟ್ಟಿಗೆಯ ಆ ಡೆಕ್ಕೇ ಪ್ರಪಂಚ ಸುತ್ತಿದ್ದು. ಬಣ್ಣ ತುಂಬಾ ಗಾಢ, ಹಳದಿ ನೀಲಿ ಎದ್ದು ಕಾಣುತ್ತದೆ. ನೂರು ವರ್ಷ ತುಂಬಿದಾಗ, 2009ರಲ್ಲಿ, ಅವರೇ ಹಳೆಯ ಮುದ್ರಣದ ಮಂಕು ಬಣ್ಣಗಳಿಗೆ ಹತ್ತಿರ ಇರುವ ಡೆಕ್ ತಂದರು. ಅದರ ಹೆಸರಿನಲ್ಲಿ ಸ್ಮಿತ್ ಮೊದಲು, ವೇಟ್ ಆಮೇಲೆ. ನನ್ನ ಓಟು ಅದಕ್ಕೇ. ಗಾಢ ಬಣ್ಣದಲ್ಲಿ ಮುಚ್ಚಿಹೋಗುವ ಸಣ್ಣ ಗೆರೆಗಳು ಅದರಲ್ಲಿ ಉಸಿರಾಡುತ್ತವೆ.

ನಕಲಿ ಬಗ್ಗೆ ಎಚ್ಚರ. ತೀರಾ ಕಡಿಮೆ ಬೆಲೆಗೆ ಬಂದು, ಒಳಗೆ ಕಿರುಪುಸ್ತಕದ ಬದಲು ಕ್ಯೂಆರ್ ಕೋಡ್ ಮಾತ್ರ ಇದ್ದರೆ ಅನುಮಾನ ಪಡಿ. ಕೆಳಮೂಲೆಯ ಸಹಿ ಮಸುಕಾಗಿದೆಯಾ ಅಂತಲೂ ನೋಡಿ. ನನಗೆ ಹೀಗೆ ಬಂದ ಒಂದು ಡೆಕ್ಕಿನಲ್ಲಿ ಅಂಚು ಕತ್ತರಿಸುವಾಗ ಸಹಿಯೇ ಹೋಗಿತ್ತು. ಅಷ್ಟು ಬೇಸರ ಬೇರಾವುದಕ್ಕೂ ಆಗಿಲ್ಲ.

ನೀಲಿಶಾಯಿ

ಇನ್ನೊಂದು ಸೇರಿಸುತ್ತೇನೆ. ಪಮೇಲಾ ಕೊನೆಗಾಲ ಓದಿದರೆ ಮನಸ್ಸು ಭಾರ ಆಗುತ್ತದೆ. 1911ರಲ್ಲಿ ಕ್ಯಾಥೊಲಿಕ್ ಧರ್ಮಕ್ಕೆ ಸೇರಿದರು. ಮೊದಲ ಮಹಾಯುದ್ಧದ ನಂತರ ಬಂಧುವಿನ ಆಸ್ತಿ ಸ್ವಲ್ಪ ಬಂತು. ಅದರಲ್ಲಿ ಕಾರ್ನ್‌ವಾಲಿನ ಲಿಜರ್ಡ್‌ನಲ್ಲಿ ಮನೆ ಹಿಡಿದು ಪಾದ್ರಿಗಳಿಗೆ ತಂಗುಮನೆ ನಡೆಸಿದರು. 1951ರಲ್ಲಿ ಬ್ಯೂಡ್ ಎಂಬ ಊರಿನಲ್ಲಿ ತೀರಿಕೊಂಡಾಗ ಸಾಲ ಇತ್ತು, ಸಾಮಾನು ಹರಾಜು ಹಾಕಿ ತೀರಿಸಿದರು. ಡೆಕ್ ಪ್ರಪಂಚದ ತುಂಬ ಮಾರಾಟ ಆಗತೊಡಗಿದ್ದು ಅದಾದ 20 ವರ್ಷದ ಮೇಲೆ. ಚಿತ್ರ ಬರೆದು ಬದುಕುವವರು ಕರಾರು ಮಾಡಿಕೊಳ್ಳುವಾಗ ಇದನ್ನು ನೆನೆಸಿಕೊಳ್ಳಬೇಕು ಅಂತ ನನಗನಿಸುತ್ತದೆ. ಒಂದೇ ಮೊತ್ತಕ್ಕೆ ಹಕ್ಕೆಲ್ಲ ಬರೆದುಕೊಡಬೇಡಿ.

ಕುಂಚಹಿಡಿದವಳು

ಎಲ್ಲರಿಗೂ ನಮಸ್ಕಾರ. ನಾನು ಕಲಾ ಕಾಲೇಜಿನ ವಿದ್ಯಾರ್ಥಿನಿ. ಫೈನಲ್ ಪ್ರಾಜೆಕ್ಟಿಗೆ ನನ್ನದೇ 78 ಎಲೆಗಳ ಡೆಕ್ ಮಾಡೋಣ ಅಂತಿದ್ದೇನೆ. ಪಮೇಲಾ ಚಿತ್ರಗಳ ಜೋಡಣೆಯನ್ನು ಆಧಾರ ಇಟ್ಟುಕೊಂಡರೆ ಕಾಪಿರೈಟ್ ತೊಂದರೆ ಆಗುತ್ತಾ? ಎಲ್ಲಿಂದ ಶುರು ಮಾಡಲಿ?

ನೀಲಿಶಾಯಿ

ಮೂಲ ಚಿತ್ರಗಳಿಗೆ ಈಗ ಕಾಪಿರೈಟ್ ಇಲ್ಲಮ್ಮ. ಅಮೆರಿಕದಲ್ಲಿ ಎಂದೋ ಮುಗಿದಿದೆ. ಬ್ರಿಟನ್ನಿನಲ್ಲಿ ಕಲಾವಿದೆ ತೀರಿಕೊಂಡ ಮೇಲೆ 70 ವರ್ಷ, 2021ಕ್ಕೆ ಅದೂ ಮುಗಿಯಿತು. ನಮ್ಮಲ್ಲಿ 60 ವರ್ಷ. ಆದರೆ ಈಗಿನ ಕಂಪನಿಗಳು ಹೊಸದಾಗಿ ಬಣ್ಣ ಹಾಕಿದ ಆವೃತ್ತಿಗಳನ್ನು ಸ್ಕ್ಯಾನ್ ಮಾಡಿ ಬಳಸಬೇಡ. ಡೆಕ್ಕಿನ ಹೆಸರುಗಳಿಗೆ ಟ್ರೇಡ್‌ಮಾರ್ಕ್ ಇರುತ್ತದೆ, ಅದನ್ನೂ ಬಿಡು.

ಶುರು ಮಾಡುವುದಾದರೆ ಸಣ್ಣ ಎಲೆಗಳಿಂದ ಮಾಡು. ಹೊಸಬರೆಲ್ಲ ಮೂರ್ಖ, ಮಾಂತ್ರಿಕ, ಸೂರ್ಯ ಅಂತ 22 ದೊಡ್ಡವಕ್ಕೆ ಪ್ರಾಣ ಬಿಟ್ಟು ಬರೆಯುತ್ತಾರೆ. ನಾಣ್ಯ ಆರು, ಕೋಲು ಏಳಕ್ಕೆ ಬರುವಷ್ಟರಲ್ಲಿ ಸುಸ್ತಾಗಿ ಸುಮ್ನೆ ಆರು ನಾಣ್ಯ ಸುರಿದುಬಿಡುತ್ತಾರೆ. ನೀನು ಮೊದಲು ಒಂದು ಗುಂಪಿನ ಎಕ್ಕದಿಂದ ಹತ್ತರವರೆಗೆ ಪೆನ್ಸಿಲ್ಲಿನಲ್ಲಿ ಹಾಕು, ನಿಜವಾದ ಅಳತೆಯಲ್ಲೇ, ಏಳು ಹನ್ನೆರಡು ಸೆಂಟಿಮೀಟರ್ ಚೌಕಟ್ಟಿನಲ್ಲಿ. ದೊಡ್ಡ ಹಾಳೆಯಲ್ಲಿ ಚೆಂದ ಕಂಡಿದ್ದು ಚಿಕ್ಕದಾದಾಗ ಕೂಡಿಕೊಂಡು ಕಪ್ಪಾಗುತ್ತದೆ. ಮುಖ ಖಾಲಿ ಬಿಟ್ಟು ಮೈ ಮಾತ್ರ ಬರೆ. ಮುಖ ಇಲ್ಲದೆಯೇ ಅವನಿಗೆ ಏನಾಗಿದೆ ಅಂತ ಗೆಳತಿಯರು ಹೇಳಿದರೆ ಎಲೆ ಗೆದ್ದ ಹಾಗೆ, ಆಮೇಲೆ ಬಣ್ಣಕ್ಕೆ ಹೋಗು. ಪೆನ್ಸಿಲ್ ಕರಡನ್ನೇ ಇಲ್ಲಿ ಹಾಕು, ಎಲ್ಲರೂ ನೋಡಿ ಹೇಳುತ್ತೇವೆ.

ಕುಂಚಹಿಡಿದವಳು

ಸರಿ ಸರ್. ಬಟ್ಟಲಿನ ಗುಂಪಿನಿಂದ ಶುರು ಮಾಡುತ್ತೇನೆ. ಮುಂದಿನ ವಾರ ಮೊದಲ ಐದು ಎಲೆಗಳ ಕರಡು ಹಾಕುತ್ತೇನೆ.